ತಂಗಿಯ ನಡಿಗೆ, ಅಕ್ಕನ ಫೋಟೊ

ಅಕ್ಟೋಬರ್ ಹತ್ತಿರ ಬಂತೆಂದರೆ ಆಪ್ತಸಮಾಲೋಚಕಿಯಾದ ನನ್ನ ಮುಂದೆ ಇಂಥದೊಂದು ಪ್ರಕರಣ ಬಂದೇ ಬರುತ್ತದೆ. ಸ್ತನ ಕ್ಯಾನ್ಸರ್ ಜಾಗೃತಿಗೆಂದು ಆ ತಿಂಗಳನ್ನು ಮೀಸಲಿಡುವ ರೂಢಿ 1985ರಲ್ಲಿ ಶುರುವಾಯಿತು. ಗುಲಾಬಿ ರಿಬ್ಬನ್, ಗುಲಾಬಿ ಟೀ ಶರ್ಟ್, ದೇಣಿಗೆ ಎತ್ತುವ ನಡಿಗೆ ಎಲ್ಲವೂ ಈಗ ಆ ತಿಂಗಳಲ್ಲೇ. ನಡಿಗೆಯ ಬಗ್ಗೆ ನನಗೆ ತಕರಾರಿಲ್ಲ. ನಡೆಯುವವರ ಮನೆಯೊಳಗೆ ಕೆಲವೊಮ್ಮೆ ಏನು ನಡೆದಿರುತ್ತದೆ ಎಂಬುದಕ್ಕೆ ಈ ಬರಹ. ಹೆಸರು, ವಯಸ್ಸು, ಕೆಲಸ ಎಲ್ಲ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ರೇಖಾ, ನಲವತ್ತರ ಆಸುಪಾಸು. ಅಕ್ಕ ಸುಮಾಗೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್, ಕೀಮೊ, ರೇಡಿಯೇಷನ್ ಮೂರೂ ಮುಗಿದಿದ್ದವು. ರೇಖಾ ಅಕ್ಕನ ಹೆಸರಲ್ಲೇ ತಂಡ ಕಟ್ಟಿ ನಡಿಗೆಗೆ ಹಣ ಎತ್ತುತ್ತಿದ್ದರು. ಅಕ್ಕ ಬರುವುದಿಲ್ಲ ಎಂದರು, ಮಾತೂ ಬಿಟ್ಟರು. "ಅವಳಿಗೋಸ್ಕರ ಇಷ್ಟೆಲ್ಲ ಮಾಡ್ತಿದ್ದೀನಿ ಮೇಡಂ, ಒಂದು ದಿನ ಬಂದು ನಿಂತ್ಕೊಳ್ಳೋಕೆ ಆಗಲ್ವಾ?" ಮೊದಲ ಭೇಟಿಗಳೆಲ್ಲ ಈ ದೂರಿನಲ್ಲೇ ಕಳೆದವು.

ಆಮೇಲೆ ಅಕ್ಕನೂ ಬಂದರು. ಎಡಗೈಗೆ ಊತ ತಡೆಯುವ ಬಿಗಿಯಾದ ಸ್ಲೀವ್ ಹಾಕಿದ್ದರು. ಮಾತಾಡುವಾಗ ಅದರ ಅಂಚನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಕೂರಿಸುತ್ತಿದ್ದರು. ಹೆಚ್ಚೇನೂ ಹೇಳದೆ ಫೋನ್ ನನ್ನ ಕೈಗಿಟ್ಟರು. ತಂಗಿ ಹಂಚಿದ ದೇಣಿಗೆ ಮನವಿ. ಮೇಲೆ ಸುಮಾ ಅವರ ಫೋಟೊ: ಬೋಳು ತಲೆ, ಕೈಗೆ ಡ್ರಿಪ್, ಕುರ್ಚಿಯಲ್ಲೇ ನಿದ್ದೆ, ಬಾಯಿ ಅರ್ಧ ತೆರೆದಿದೆ.

"ನಾನು ಮಲಗಿದ್ದಾಗ ತೆಗೆದದ್ದು. ಆಫೀಸಲ್ಲಿ ಮೂರ್ನಾಲ್ಕು ಜನಕ್ಕೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಈಗ ಲಿಫ್ಟಲ್ಲಿ ಸಿಕ್ಕವರು ಮೊದಲು ಎದೆ ನೋಡಿ ಆಮೇಲೆ ಮುಖ ನೋಡ್ತಾರೆ."

"ಮುಖ ಇಲ್ಲದಿದ್ರೆ ಯಾರು ದುಡ್ಡು ಕೊಡ್ತಾರೆ ಅಕ್ಕಾ? ನಿನ್ನ ಫೋಟೊ ನೋಡಿ ಎಷ್ಟು ಜನ ಟೆಸ್ಟ್ ಮಾಡಿಸ್ಕೊಂಡ್ರು ಗೊತ್ತಾ?"

"ನೀನು ಮಾಡಿಸ್ಕೊಂಡ್ಯಾ?"

ರೇಖಾ ನನ್ನ ಕಡೆ ನೋಡಿದರು. ರಜೆ ಸಿಗಲಿಲ್ಲ, ನಡಿಗೆ ಮುಗೀಲಿ ಅಂತ, ಎಂದೇನೋ ಶುರು ಮಾಡಿ ನಿಲ್ಲಿಸಿದರು. ವೈದ್ಯರು ಮ್ಯಾಮೊಗ್ರಾಂಗೆ, ಅಂದರೆ ಸ್ತನದ ಎಕ್ಸ್‌ರೇ ಪರೀಕ್ಷೆಗೆ, ಬರೆದುಕೊಟ್ಟ ಚೀಟಿ ಪರ್ಸಿನಲ್ಲೇ ಇತ್ತು, ಮಡಿಕೆಗಳಲ್ಲಿ ಹರಿಯುವಷ್ಟು ಹಳತಾಗಿ. ಅಕ್ಕನ ಕೀಮೊ ನಡೆಯುತ್ತಿದ್ದಾಗ ಬರೆದದ್ದು. "ಏನಾದ್ರೂ ಇದೆ ಅಂದುಬಿಟ್ರೆ?" ಎಂದಷ್ಟೇ ಹೇಳಿದರು. ಸುಮಾ ಸ್ಲೀವ್ ಎಳೆಯುವುದನ್ನು ನಿಲ್ಲಿಸಿದ್ದು ಆಗಲೇ.

ನಾನು ಹೇಳಿದ್ದು ಹೀಗೆ. ಫೋಟೊ ಇವತ್ತೇ ತೆಗೆಯಿರಿ, ನಡಿಗೆ ಮುಗಿದ ಮೇಲಲ್ಲ. ಕಾಯಿಲೆ ಯಾರದೋ ಅದರ ಸುದ್ದಿಯೂ ಅವರದು. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಕೇಳದೆ ಹಂಚುವ ಹಕ್ಕು ಒಡಹುಟ್ಟಿದವರಿಗೂ ಇಲ್ಲ. ಎರಡನೆಯದು, ನಡಿಗೆಗೆ ಮೊದಲು ಮ್ಯಾಮೊಗ್ರಾಂ. ತಾಯಿ, ಅಕ್ಕತಂಗಿ ಅಥವಾ ಮಗಳಿಗೆ ಈ ಕಾಯಿಲೆ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಹಾಗೆಂದು ಬಂದೇ ಬರುತ್ತದೆ ಎಂದಲ್ಲ. ಕಾಯಿಲೆ ಬಂದ ಹೆಚ್ಚಿನವರ ಮನೆಯಲ್ಲಿ ಹಿಂದೆ ಯಾರಿಗೂ ಬಂದಿರುವುದೇ ಇಲ್ಲ. ವಂಶವಾಹಿ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ ಎಂದೂ ಹೇಳಿದೆ. ಆ ಪರೀಕ್ಷೆಯನ್ನು ಸಾಧ್ಯವಾದರೆ ಕಾಯಿಲೆ ಬಂದವರಿಂದಲೇ ಶುರು ಮಾಡುತ್ತಾರೆ, ಅಂದರೆ ಸುಮಾ ಮನಸ್ಸು ಮಾಡಬೇಕು. ಮಾಡದಿರುವ ಸ್ವಾತಂತ್ರ್ಯವೂ ಅವರಿಗಿದೆ.

ಆ ಹೊತ್ತಿನಲ್ಲಿ ಟೆಸ್ಟ್ ಮಾತು ಎತ್ತಿ ರೇಖಾ ಅವರನ್ನು ಅಪರಾಧಿ ಮಾಡಿದಿರಿ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಎತ್ತಿದ್ದು ಅಕ್ಕ. ನಾನು ಅದನ್ನು ತೇಲಿಹೋಗಲು ಬಿಡಲಿಲ್ಲ, ಅಷ್ಟೆ. ಭಯ ಇರುವವರು ಸುಮ್ಮನೆ ಕೂರುವುದಿಲ್ಲ. ತಂಡ ಕಟ್ಟುತ್ತಾರೆ, ಶರ್ಟ್ ಮುದ್ರಿಸುತ್ತಾರೆ, ಊರಿಗೆಲ್ಲ ಬುದ್ಧಿ ಹೇಳುತ್ತಾರೆ, ತಮ್ಮ ಚೀಟಿಯನ್ನು ಮಾತ್ರ ಮಡಚಿ ಒಳಗಿಡುತ್ತಾರೆ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಸುಮಾಗೆ ನಡಿಗೆಗೆ ಹೋಗಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಚಿಕಿತ್ಸೆ ಮುಗಿದವರು ನಡೆಯುವುದು ಒಳ್ಳೆಯದೇ, ವೈದ್ಯರೇ ಹುರಿದುಂಬಿಸುತ್ತಾರೆ. ಆದರೆ ಆಪರೇಷನ್ನಿನಲ್ಲಿ ಕಂಕುಳ ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆದಿದ್ದರೆ ಬಿಸಿಲಲ್ಲಿ ಕೈ ಜೋತುಬಿಟ್ಟು ಬಹಳ ಹೊತ್ತು ನಡೆದಾಗ ಊತ ಹೆಚ್ಚಬಹುದು. ಕೀಮೊದಿಂದ ಪಾದ ಜೋಮು ಹಿಡಿದಿದ್ದರೆ ಬೊಬ್ಬೆ ಎದ್ದದ್ದೇ ತಿಳಿಯುವುದಿಲ್ಲ. ಹೀಗಾಗಿ ಎಷ್ಟು ದೂರ, ಎಲ್ಲಿ ನಿಲ್ಲಬೇಕು ಎಂಬುದನ್ನು ನಡೆಯುವವರೇ ನಿರ್ಧರಿಸಲಿ, ಪಕ್ಕದಲ್ಲಿ ಜೈಕಾರ ಹಾಕುವವರಲ್ಲ.

ಫೋಟೊ ತೆಗೆದ ಮೇಲೆ ದೇಣಿಗೆ ಇಳಿಯಿತು ಎಂದು ರೇಖಾ ಬೇಸರಪಟ್ಟರು. ಇಳಿಯಲಿ ಎಂದೆ. ಆಮೇಲೆ ತಮ್ಮದೇ ಫೋಟೊ ಹಾಕಿ, 2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಮಹಿಳೆಯರಿಗೆ ಈ ಕಾಯಿಲೆ ಪತ್ತೆಯಾಯಿತು ಎಂಬ ಸಾಲಿನೊಂದಿಗೆ ಹೊಸ ಮನವಿ ಬರೆದರು. ಕಳಿಸುವ ಮೊದಲು ಅಕ್ಕನಿಗೆ ತೋರಿಸಿದರಂತೆ.

ರೇಖಾ ನಡೆದರು. ಸುಮಾ ಹೋಗಲಿಲ್ಲ. ಮ್ಯಾಮೊಗ್ರಾಂ ಅದಕ್ಕೂ ಮೊದಲೇ ಆಯಿತು. ಫಲಿತಾಂಶ ಇಲ್ಲಿ ಬರೆಯುವುದಿಲ್ಲ, ಬರೆಯಿರಿ ಎಂದು ರೇಖಾ ನನಗೆ ಹೇಳಿಲ್ಲ.