ಬಡಗಿ ತಂಡದ ಮೇಸ್ತ್ರಿಯಾಗಲು ಕೈಕೆಲಸದ ಜೊತೆಗೆ ಇನ್ನೇನು ಬರಬೇಕು?

ಏಳು ವರ್ಷ ಮರಗೆಲಸ ಮಾಡಿರುವ ನಿಮಗೆ ಗುತ್ತಿಗೆದಾರರೊಬ್ಬರು ಬೆಂಗಳೂರಿನಲ್ಲಿ ಐದು ಜನರ ತಂಡವನ್ನು ಒಪ್ಪಿಸಲು ಮುಂದಾಗಿದ್ದಾರೆಂದೂ, ಒಪ್ಪಿಕೊಳ್ಳುವ ಮೊದಲು ಏನೇನು ಕಲಿತಿರಬೇಕೆಂದೂ ಕೇಳಿದ್ದೀರಿ. ನಾನು ಒಂಬತ್ತು ವರ್ಷ ಬೇರೊಬ್ಬರ ಕೈಕೆಳಗೆ ಉಳಿ ಹಿಡಿದು, ಈಗ ಹದಿನಾಲ್ಕು ವರ್ಷಗಳಿಂದ ಇದೇ ಊರಿನಲ್ಲಿ ಮೇಸ್ತ್ರಿಯಾಗಿದ್ದೇನೆ. ನಾನು ಕಂಡಂತೆ ಮೇಸ್ತ್ರಿಯ ಕೆಲಸದ ಹೆಚ್ಚಿನ ಪಾಲು ಗರಗಸ ಮರಕ್ಕೆ ತಾಗುವ ಮೊದಲೇ ಮುಗಿದಿರಬೇಕು.

ಪ್ಲೈವುಡ್ ಶೀಟು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ ಇರುತ್ತದೆ. ನಕ್ಷೆಯಲ್ಲಿ ವಾರ್ಡ್‌ರೋಬಿನ ಪಕ್ಕದ ಹಲಗೆಯ ಅಗಲ 24 ಇಂಚು ಎಂದು ಬರೆದಿದ್ದರೆ, ಒಂದು ಶೀಟನ್ನು ಉದ್ದಕ್ಕೆ ಸೀಳಿದಾಗ ಎರಡು ಪಟ್ಟಿಗಳು ಸರಿಯಾಗಿ ಸಿಗುತ್ತವೆಂದು ಲೆಕ್ಕ ಹೇಳುತ್ತದೆ. ಆದರೆ ಬ್ಲೇಡು ಹೋದ ದಾರಿಯಲ್ಲಿ ಸುಮಾರು 3 ಮಿ.ಮೀ. ಮರ ಪುಡಿಯಾಗಿ ಹೋಗುವುದರಿಂದ ಎರಡನೆಯ ಪಟ್ಟಿ ಅಳತೆಗೆ ಬರುವುದಿಲ್ಲ. ಇದನ್ನು ಗಮನಿಸದ ತಂಡ ಶೀಟಿಗೊಂದೇ ಪಟ್ಟಿ ತೆಗೆದು ಉಳಿದದ್ದನ್ನು ಗೋಡೆಗೆ ಒರಗಿಸುತ್ತದೆ. ಗಮನಿಸಿದ ಮೇಸ್ತ್ರಿ ಹಿಂದಿನ ದಿನವೇ ಆರ್ಕಿಟೆಕ್ಟರಿಗೆ ಫೋನ್ ಮಾಡಿ, ಅಗಲವನ್ನು 23¾ ಇಂಚಿಗೆ ಇಳಿಸಲು ಒಪ್ಪಿಸಿ, ಆ ಹಲಗೆಗಳಿಗೆ ಬೇಕಾದ ಪ್ಲೈವುಡ್ಡನ್ನು ಅರ್ಧಕ್ಕೆ ತರುತ್ತಾನೆ. ಆದ್ದರಿಂದ ಪ್ರತಿ ಶೀಟಿನ ಚಿತ್ರವನ್ನು ನೋಟುಪುಸ್ತಕದಲ್ಲಿ ಬರೆದು, ಯಾವ ತುಂಡು ಎಲ್ಲಿಂದ ಬರುತ್ತದೆ, ವೆನಿರಿನ (ಮೇಲೆ ಅಂಟಿಸಿದ ತೆಳು ಮರದ ಪದರದ) ಎಳೆ ಯಾವ ದಿಕ್ಕಿಗೆ ಓಡುತ್ತದೆ ಎಂಬುದನ್ನು ಗುರುತಿಸದೆ ಯಾರ ಕೈಗೂ ಕಟರ್ ಕೊಡಬೇಡಿ.

ಸಾಮಾನು ಇಳಿಸುವಾಗಲೂ ನೀವೇ ನಿಂತಿರಬೇಕು. ಸಿಂಕಿನ ಕೆಳಗೆ ಹಾಕಲು ನೀರಿಗೆ ತಡೆಯುವ ಐಎಸ್ 710 ದರ್ಜೆಯ ಶೀಟು ಹೇಳಿದ್ದರೆ, ಬಂದದ್ದು ಬರೀ ತೇವವನ್ನಷ್ಟೇ ತಾಳುವ ಐಎಸ್ 303 ಎಂಆರ್ ದರ್ಜೆಯದೋ ಎಂಬುದನ್ನು ಶೀಟಿನ ಮೇಲಿನ ಮುದ್ರೆಯಲ್ಲಿ ಓದಿ ನೋಡಿ. ಮೈಕಾ ಅಂಟಿಸಿದ ಮೇಲೆ ಆ ಮುದ್ರೆ ಯಾರಿಗೂ ಕಾಣುವುದಿಲ್ಲ.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಮೇಸ್ತ್ರಿಯಾದ ಎರಡನೆಯ ವರ್ಷ ಬನಶಂಕರಿಯ ಒಂದು ಮನೆಯಲ್ಲಿ ಎರಡು ಗೋಡೆಗಳ ನಡುವೆ ಕೂರುವ ಹತ್ತು ಅಡಿ ಉದ್ದದ ಅಡುಗೆಮನೆ ಕಪಾಟುಗಳ ಕೆಲಸವಿತ್ತು. ನಮ್ಮ ಹುಡುಗ ಅಳತೆಯನ್ನು ಚೊಕ್ಕವಾಗಿಯೇ ತಂದಿದ್ದ. ಆ ಅಳತೆಗೆ ಕಾಲು ಇಂಚು ಸಡಿಲ ಬಿಟ್ಟು ಪೆಟ್ಟಿಗೆಗಳನ್ನು ಶೆಡ್ಡಿನಲ್ಲಿ ಜೋಡಿಸಿ ಟೆಂಪೋದಲ್ಲಿ ತಂದೆವು. ಅಷ್ಟರಲ್ಲಿ ಗೋಡೆಗಳಿಗೆ ಟೈಲ್ಸ್ ಬಿದ್ದಿತ್ತು. ಟೈಲ್ಸ್ ಮತ್ತು ಅದರ ಹಿಂದಿನ ಸಿಮೆಂಟು ಎರಡೂ ಕಡೆ ಅರ್ಧ ಇಂಚಿಗಿಂತ ಹೆಚ್ಚು ತಿಂದಿದ್ದರಿಂದ ಕೊನೆಯ ಪೆಟ್ಟಿಗೆ ಒಳಗೆ ಹೋಗಲೇ ಇಲ್ಲ. ಅಳತೆ ತಂದಾಗ ಗೋಡೆ ಯಾವ ಹಂತದಲ್ಲಿತ್ತೆಂದು ಕೇಳಬೇಕಾಗಿದ್ದವನು ನಾನು. ಆ ಪೆಟ್ಟಿಗೆಯನ್ನು ಬಿಚ್ಚಿ ಮತ್ತೆ ಮಾಡಿದ ಎರಡು ದಿನದ ಕೂಲಿಯನ್ನು ನಾನೇ ಕೊಟ್ಟೆ. ಟೈಲ್ಸಿನವರು, ಎಲೆಕ್ಟ್ರಿಷಿಯನ್, ಪೇಂಟರ್ ಇವರಲ್ಲಿ ಯಾರ ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಬೆಳಿಗ್ಗೆ ಸೈಟಿಗೆ ಕಾಲಿಟ್ಟ ತಕ್ಷಣ ವಿಚಾರಿಸುವ ಅಭ್ಯಾಸ ನನಗೆ ಅಲ್ಲಿಂದ ಬಂತು.

ಗಟ್ಟಿ ಮರದ ಕೆಲಸದಲ್ಲಿ ಹವೆಯ ಲೆಕ್ಕವೂ ಬೇಕು. ಮರ ಉದ್ದಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ, ಎಳೆಗೆ ಅಡ್ಡವಾಗಿ ಉಬ್ಬುತ್ತದೆ, ಕುಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತೆಂದು ಮನೆಯವರು ದೂರಿದ ಕೂಡಲೇ ತೋಪಡ (ಮರ ಹೆರೆಯುವ ಸಾಧನ) ಹೊಡೆದು ಸಡಿಲ ಮಾಡಿದರೆ, ಮಾರ್ಚಿನಲ್ಲಿ ಅದೇ ಬಾಗಿಲಿನ ಸಂದಿಯಲ್ಲಿ ಬೆಳಕು ಕಾಣುತ್ತದೆ. ಸ್ವಲ್ಪ ಕಾಯಿರಿ ಎಂದು ಮನೆಯವರನ್ನು ಒಪ್ಪಿಸುವುದು ತೋಪಡ ಹೊಡೆಯುವುದಕ್ಕಿಂತ ಕಷ್ಟ.

ಇನ್ನು ಜನರ ವಿಷಯ. ನನ್ನ ಈಗಿನ ತಂಡದಲ್ಲಿ ಶಿರಾದ ಇಬ್ಬರು, ರಾಜಸ್ಥಾನದ ಒಬ್ಬರು, ಗೋರಖ್‌ಪುರದ ಕಡೆಯ ಇಬ್ಬರು ಇದ್ದಾರೆ. ಹಿಂದಿಯವರು ‘ಸೂತ್’ ಎನ್ನುವುದು ಇಂಚಿನ ಎಂಟನೆಯ ಒಂದು ಭಾಗಕ್ಕೆ. ಒಮ್ಮೆ ‘ತೀನ್ ಸೂತ್’ ಸಂದಿ ಬಿಡಲು ಒಬ್ಬರು ಹೇಳಿದ್ದನ್ನು ಶಿರಾದ ಹುಡುಗ 3 ಮಿ.ಮೀ. ಎಂದುಕೊಂಡ, ಬೇಕಾದದ್ದು ಒಂಬತ್ತೂವರೆ. ಅಂದಿನಿಂದ ನಮ್ಮಲ್ಲಿ ಬಾಯಿಮಾತಿನ ಅಳತೆ ಇಲ್ಲ. ಪ್ರತಿ ತುಂಡಿನ ಮೇಲೂ ಪೆನ್ಸಿಲಿನಲ್ಲಿ ಮಿಲಿಮೀಟರ್ ಅಳತೆ, ಮೇಲ್ಭಾಗ ತೋರಿಸುವ ಬಾಣ, ಯಾವ ಪೆಟ್ಟಿಗೆಯದು ಎಂಬ ಸಂಖ್ಯೆ ಇರಲೇಬೇಕು. ತಪ್ಪಾದಾಗ ಮನೆಯವರ ಎದುರಿಗೆ ಬೈಯಬೇಡಿ, ಪಕ್ಕಕ್ಕೆ ಕರೆದು ತೋರಿಸಿ. ಶನಿವಾರದ ಬಟವಾಡೆಯನ್ನು ಮಾತ್ರ ಯಾವ ಕಾರಣಕ್ಕೂ ಮುಂದೂಡಬೇಡಿ; ಬೇರೆ ಸೈಟುಗಳಲ್ಲಿ ಕೆಲಸ ಕಾದಿರುವ ಈ ಊರಿನಲ್ಲಿ ಒಳ್ಳೆಯ ಕೆಲಸಗಾರ ಸೋಮವಾರ ಹೇಳದೆಯೇ ಹೊರಟುಹೋಗುತ್ತಾನೆ.

ನಾಲ್ಕು ಇಂಚಿನ ಮಾರ್ಬಲ್ ಕಟರಿಗೆ ಮರ ಕೊಯ್ಯುವ ಬ್ಲೇಡು ಹಾಕಿ, ಬ್ಲೇಡಿನ ಮೇಲಿನ ರಕ್ಷಣೆಯ ಗಾರ್ಡ್ ಬಿಚ್ಚಿ ಓಡಿಸುವುದನ್ನು ನೀವೂ ನೋಡಿರುತ್ತೀರಿ, ಬಹುಶಃ ಮಾಡಿಯೂ ಇರುತ್ತೀರಿ. ನಾನೂ ಮಾಡಿದ್ದೇನೆ. ಆದರೆ ಕೈಕೆಳಗೆ ಐದು ಜನ ಬಂದ ಮೇಲೆ ಗಾರ್ಡ್ ಇಲ್ಲದ ಯಂತ್ರ ಸೈಟಿನಲ್ಲಿ ಓಡಕೂಡದು, ಕೆಲಸ ಎಷ್ಟು ನಿಧಾನವಾದರೂ ಸರಿ. ತಂಡದವರನ್ನು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನವರಿಗೆ ಬಡಗಿಗಳಾಗಿ ಅಲ್ಲಿ ಅವಕಾಶವಿದೆ.

ಒಪ್ಪಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ಆದರೆ ಚದರಡಿ ಲೆಕ್ಕದಲ್ಲಿ ಲಾಫ್ಟು, ಒಳಗಿನ ಡ್ರಾಯರುಗಳು ಸೇರುತ್ತವೆಯೇ, ಅಳತೆ ತಪ್ಪಿ ಹಾಳಾದ ಶೀಟಿನ ದುಡ್ಡು ಯಾರ ತಲೆಗೆ ಎಂಬ ಎರಡು ವಿಷಯಗಳನ್ನು ಗುತ್ತಿಗೆದಾರರಿಂದ ಕಾಗದದ ಮೇಲೆ ಬರೆಸಿಕೊಂಡ ನಂತರ.