ಮೀಟರಿನ ಮುಳ್ಳುಗಳೆಲ್ಲ ಒಮ್ಮೆಗೇ ಸೊನ್ನೆಗೆ ಬೀಳುತ್ತಿದ್ದರೆ ಮೀಟರನ್ನೇ ಬದಲಿಸಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಡೀಸೆಲ್ ವ್ಯಾನೊಂದನ್ನು ಮಂಚ, ಅಡುಗೆಕಟ್ಟೆ, ನೀರಿನ ಟ್ಯಾಂಕುಗಳಿರುವ ಕ್ಯಾರವಾನ್ ಆಗಿ ಮಾರ್ಪಡಿಸಿಕೊಂಡಿದ್ದೀರಿ. ಗೋಕರ್ಣದಲ್ಲಿ ಅದನ್ನು ಕಡಲಿಗೆ ಮುಖಮಾಡಿ ಹತ್ತು ದಿನ ಮಳೆಯಲ್ಲಿ ನಿಲ್ಲಿಸಿ, ಅಲ್ಲಿಂದ ಕುಮಟಾ ಮಾರ್ಗವಾಗಿ ಶಿರಸಿಗೆ ಹೊರಟಾಗ, ದೇವಿಮನೆ ಘಟ್ಟದ ತಿರುವುಗಳಲ್ಲಿ ವೇಗ, ಡೀಸೆಲ್ ಮತ್ತು ಉಷ್ಣಾಂಶದ ಮುಳ್ಳುಗಳು ಒಟ್ಟಿಗೇ ಸೊನ್ನೆಗೆ ಬಿದ್ದು, ಎಚ್ಚರಿಕೆಯ ದೀಪಗಳೆಲ್ಲ ಹೊತ್ತಿಕೊಂಡು, ಸ್ವಲ್ಪ ಹೊತ್ತಿನಲ್ಲಿ ತಾವಾಗಿಯೇ ಸರಿಹೋದವು. ಎಂಜಿನ್ ಮಾತ್ರ ಒಮ್ಮೆಯೂ ನಿಲ್ಲಲಿಲ್ಲ. ಎಂಜಿನ್ ಚಾಲೂ ಇಟ್ಟು ಇನ್ವರ್ಟರಿನಿಂದ ನೀರು ಕಾಯಿಸುವ ಕೆಟಲ್ ಹಾಕಿದಾಗಲೂ ಒಮ್ಮೆ ಹೀಗಾಯಿತು ಎಂದಿದ್ದೀರಿ. ಇದರ ಜೊತೆಗೆ ನೀರಿನ ಟ್ಯಾಂಕು ಖಾಲಿಯಿದ್ದರೂ ಅದರ ಸೂಚಕ ತುಂಬಿದೆ ಎಂದು ತೋರಿಸುತ್ತಿದೆ. ಮೆಕ್ಯಾನಿಕ್ ಒಬ್ಬರು ಮೀಟರನ್ನು ಪೂರ್ತಿ ಬದಲಿಸಬೇಕು ಎಂದಿದ್ದಾರೆ, ಬದಲಿಸಲೇ ಎಂಬುದು ನಿಮ್ಮ ಪ್ರಶ್ನೆ.

ಈಗಲೇ ಬದಲಿಸಬೇಡಿ. ನಾನು ಕಾರವಾರದ ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ದೋಣಿಗಳ ವೈರಿಂಗ್ ಮಾಡುತ್ತ ಈ ಕೆಲಸ ಕಲಿತವನು, ಆಮೇಲೆ ಬಹಳ ವರ್ಷ ಲಾರಿ ಮತ್ತು ವ್ಯಾನುಗಳ ಎಲೆಕ್ಟ್ರಿಕಲ್ ಕೆಲಸ ಮಾಡಿದವನು. ನಿಮ್ಮ ವಾಹನವನ್ನು ಕಣ್ಣಾರೆ ನೋಡದೆ ತೀರ್ಪು ಕೊಡುವುದು ಸರಿಯಲ್ಲ. ಆದರೆ ನೀವು ಬರೆದಿರುವ ವಿವರಗಳಲ್ಲಿಯೇ ಉತ್ತರದ ಹೆಚ್ಚಿನ ಪಾಲು ಇದೆ. ಡೀಸೆಲ್ ಮುಳ್ಳು ಒಂದೇ ಕೆಟ್ಟರೆ ಟ್ಯಾಂಕಿನೊಳಗೆ ತೇಲುತ್ತ ಮಟ್ಟ ತಿಳಿಸುವ ಫ್ಲೋಟನ್ನು ಸಂಶಯಿಸಬೇಕು, ಉಷ್ಣಾಂಶದ ಮುಳ್ಳು ಒಂದೇ ಕೆಟ್ಟರೆ ಅದರ ಸೆನ್ಸರನ್ನು ಸಂಶಯಿಸಬೇಕು. ಮೂರೂ ಮುಳ್ಳುಗಳು ಒಂದೇ ಕ್ಷಣದಲ್ಲಿ ಬಿದ್ದು ಒಂದೇ ಕ್ಷಣದಲ್ಲಿ ಎದ್ದರೆ, ಆ ಮೂರಕ್ಕೂ ಸಮಾನವಾಗಿರುವುದು ಯಾವುದೆಂದು ಕೇಳಬೇಕು. ಸಮಾನವಾಗಿರುವುದು ಮೂರೇ: ಮೀಟರಿಗೆ ಬರುವ ವಿದ್ಯುತ್ತು, ಅದು ಹಿಂದಿರುಗುವ ಅರ್ತ್, ಮತ್ತು ಎಂಜಿನ್ನಿನ ಕಂಪ್ಯೂಟರಿನಿಂದ ಮೀಟರಿಗೆ ಸುದ್ದಿ ಒಯ್ಯುವ ಡೇಟಾ ತಂತಿ. ಮೀಟರಿನ ಒಳಗಿನ ಬೋರ್ಡೇ ಕೆಡುವುದೂ ಉಂಟು, ಆದರೆ ಕೆಟಲ್ ಹಾಕಿದಾಗ ಕೆಟ್ಟು, ಕೆಟಲ್ ಆರಿಸಿದಾಗ ರಿಪೇರಿಯಾಗುವ ಬೋರ್ಡನ್ನು ನಾನು ಈವರೆಗೆ ಕಂಡಿಲ್ಲ.

ಮುಂದಿನ ಬಾರಿ ಹೀಗಾದಾಗ, ವಾಹನವನ್ನು ಬದಿಗೆ ನಿಲ್ಲಿಸಿ, ಒಂದು ಸಂಗತಿಯನ್ನು ಗಮನವಿಟ್ಟು ನೋಡಿ. ಓಡಿದ ಕಿಲೋಮೀಟರ್ ತೋರಿಸುವ ಅಂಕಿಗಳು ಆರಿಹೋಗುತ್ತವೆಯೇ, ಇಲ್ಲ ಉಳಿದಿರುತ್ತವೆಯೇ? ಅಂಕಿಗಳು ಆರಿ, ಮರಳಿ ಬರುವಾಗ ಕೀಲಿ ಹಾಕಿದ ಹೊತ್ತಿನಂತೆ ಎಲ್ಲ ದೀಪಗಳು ಒಮ್ಮೆ ಹೊತ್ತಿ ನಂದಿದರೆ, ಮೀಟರ್ ಸತ್ತು ಹುಟ್ಟಿದೆ ಎಂದರ್ಥ. ಆಗ ತಪ್ಪು ವಿದ್ಯುತ್ತಿನದು ಅಥವಾ ಅರ್ತಿನದು. ಅಂಕಿಗಳು ಉಳಿದೇ ಇದ್ದು, ಎಂಜಿನ್ ಮತ್ತು ಬ್ರೇಕಿನ ಎಚ್ಚರಿಕೆ ದೀಪಗಳು ಹೊತ್ತಿ ಮುಳ್ಳುಗಳು ಮಾತ್ರ ಬಿದ್ದರೆ, ಮೀಟರ್ ಎಚ್ಚರವಾಗಿಯೇ ಇದೆ, ಆದರೆ ಅದಕ್ಕೆ ಯಾರೂ ಏನನ್ನೂ ಹೇಳುತ್ತಿಲ್ಲ. ಆಗ ತಪ್ಪು ಡೇಟಾ ತಂತಿಯ ಕಡೆಗಿದೆ. ಈ ಒಂದು ನೋಟ ನಿಮಗೆ ಅರ್ಧ ದಿನದ ಹುಡುಕಾಟವನ್ನು ಉಳಿಸುತ್ತದೆ. ಪಕ್ಕದಲ್ಲಿ ಕುಳಿತವರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಅಂಗಡಿಗೆ ಬಂದಾಗ ಇಂಥ ದೋಷಗಳು ಎಂದೂ ಕಾಣಿಸಿಕೊಳ್ಳುವುದಿಲ್ಲ.

ನನ್ನ ಅನುಮಾನ ಅರ್ತಿನ ಮೇಲೆ. ಕಾರಣ ಹೇಳುತ್ತೇನೆ. ವಾಹನಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯನ್ನು ವಾಹನದ ಕಬ್ಬಿಣದ ಮೈಗೆ, ಅಂದರೆ ಬಾಡಿಯೊಂದಿಗೆ, ಜೋಡಿಸಿ, ಹಿಂದಿರುಗುವ ಕರೆಂಟಿಗೆ ಆ ಕಬ್ಬಿಣವನ್ನೇ ದಾರಿ ಮಾಡಿರುತ್ತಾರೆ. ಮರದ ಅಥವಾ ಫೈಬರ್ ದೋಣಿಯಲ್ಲಿ ಆ ಸೌಕರ್ಯವಿಲ್ಲದ ಕಾರಣ ಪ್ರತಿಯೊಂದಕ್ಕೂ ಬೇರೆಯೇ ಹಿಂದಿರುಗುವ ತಂತಿ ಎಳೆಯಬೇಕು, ಅದೂ ತವರ ಲೇಪಿಸಿದ ತಾಮ್ರದ್ದು. ಲೇಪನವಿಲ್ಲದ ತಾಮ್ರ ಉಪ್ಪುಗಾಳಿಗೆ ಬೇಗ ಕಿಲುಬು ಹಿಡಿಯುತ್ತದೆ. ನಿಮ್ಮ ವ್ಯಾನಿನ ತಂತಿಗಳು ಲೇಪನವಿಲ್ಲದ ತಾಮ್ರದವು, ಅರ್ತಿನ ಬೋಲ್ಟುಗಳು ಬಣ್ಣ ಬಳಿದ ತಗಡಿನ ಮೇಲೆ ಕೂತಿರುವಂಥವು. ಕಾರವಾರದ ಈ ತೀರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಪಡುವಣ ಗಾಳಿಯೊಂದಿಗೆ. ಕಡಲಿಗೆ ಮುಖಮಾಡಿ ನಿಂತ ವಾಹನದ ಮುಂಗಾಜಿನ ಕೆಳಗಿನ ರಬ್ಬರಿಗೆ ಹತ್ತು ದಿನ ಉಪ್ಪುನೀರಿನ ಸಿಂಚನವಾದರೆ, ನೀರು ಒಳಗೆ ಜಿನುಗಿ ಡ್ಯಾಶ್‌ಬೋರ್ಡಿನ ಅಡಿಯ ಫ್ಯೂಸ್ ಪೆಟ್ಟಿಗೆಗೋ ತಂತಿಗಳನ್ನು ಜೋಡಿಸುವ ಕಪ್ಲರುಗಳಿಗೋ ಇಳಿಯುತ್ತದೆ. ಇನ್ನು ಮುಂದೆ ಕಡಲಿಗೆ ಬೆನ್ನು ಮಾಡಿ ನಿಲ್ಲಿಸಿ. ನೋಟ ಕಡಿಮೆಯಾದರೂ ವೈರಿಂಗ್ ಉಳಿಯುತ್ತದೆ.

ಕೆಟಲಿನ ವಿಷಯ ಇದಕ್ಕೆ ಹೊಂದಿಕೊಳ್ಳುತ್ತದೆ. 1500 ವ್ಯಾಟಿನ ಕೆಟಲ್ 12 ವೋಲ್ಟಿನ ಬ್ಯಾಟರಿಯಿಂದ 125 ಆಂಪಿಯರಿಗೂ ಹೆಚ್ಚು ಕರೆಂಟನ್ನು ಎಳೆಯುತ್ತದೆ. ಎಂಜಿನ್ ಚಾಲೂ ಇರುವಾಗ ಎಂಜಿನ್ನಿನ ಬ್ಯಾಟರಿಯನ್ನೂ ಇನ್ವರ್ಟರಿಗೆ ಕರೆಂಟು ಕೊಡುವ ಹಿಂದಿನ ಮನೆಬ್ಯಾಟರಿಯನ್ನೂ ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು) ಜೋಡಿಸಿರುತ್ತದೆ, ಆದ್ದರಿಂದ ಆ ಹೊರೆಯ ಒಂದು ಪಾಲು ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನ ಮೇಲೆ ಬೀಳುತ್ತದೆ, ಮತ್ತು ಆ ಪಾಲು ಬಾಡಿಯ ಮೂಲಕವೇ ಹಿಂದಿರುಗಬೇಕಾಗುತ್ತದೆ. ಎಂಜಿನ್ನಿಗೂ ಬಾಡಿಗೂ ನಡುವಿನ ದಪ್ಪ ಪಟ್ಟಿ ತುಕ್ಕು ಹಿಡಿದಿದ್ದರೆ, ಅಥವಾ ಮನೆಬ್ಯಾಟರಿಯ ನೆಗೆಟಿವ್ ತಂತಿಯನ್ನು ಸೀಟಿನ ಬೋಲ್ಟಿಗೆ ಬಣ್ಣವನ್ನೂ ಕೆರೆಯದೆ ಬಿಗಿದಿದ್ದರೆ, ಕರೆಂಟು ಸಿಕ್ಕ ದಾರಿಯಲ್ಲಿ ನುಗ್ಗುತ್ತದೆ. ಮೀಟರಿನ ಸಣ್ಣ ಅರ್ತ್ ತಂತಿಯೂ ಅಂಥ ಒಂದು ದಾರಿಯಾಗಬಹುದು. ಮಾರ್ಪಾಡು ಮಾಡಿದ ವ್ಯಾನುಗಳಲ್ಲಿ ಸೀಟಿನ ಬೋಲ್ಟಿನ ಅರ್ತನ್ನು ನಾನು ನೋಡಿರುವುದು ಒಂದೆರಡು ಸಲವಲ್ಲ.

ಪರೀಕ್ಷೆಗೆ ಬೇಕಾಗಿರುವುದು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಒಂದು ಗಂಟೆ. ಮೊದಲು ಬ್ಯಾಟರಿಯ ವೋಲ್ಟೇಜ್ ನೋಡಿ: ರಾತ್ರಿಯಿಡೀ ನಿಂತ ಒಳ್ಳೆಯ ಬ್ಯಾಟರಿ 12.6ರ ಆಸುಪಾಸು ಇರಬೇಕು, ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇದು ಸರಿಯಿಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಇದು ಸರಿಯಿದ್ದರೆ ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲವನ್ನೂ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಮೀಟರಿನ ಅರ್ತ್ ಪಿನ್ನಿಗೂ ಹಿಡಿದು ಡಿಸಿ ವೋಲ್ಟ್ ಓದಿ. ಅದು 0.1 ವೋಲ್ಟಿನೊಳಗೆ ಇರಬೇಕು, 0.2 ದಾಟಿದರೆ ಆ ದಾರಿಯಲ್ಲಿ ಎಲ್ಲೋ ಕಿಲುಬು ಇದೆ. ಅದೇ ಸ್ಥಿತಿಯಲ್ಲಿ ಕೆಟಲ್ ಹಾಕಿಸಿ ನೋಡಿ. ಅಂಕಿ ಥಟ್ಟನೆ ಮೇಲೇರಿದರೆ ಕಳ್ಳ ಸಿಕ್ಕಂತೆ. ಆಮೇಲೆ ಕಡ್ಡಿಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ತರುತ್ತ ಹೋಗಿ: ಡ್ಯಾಶ್‌ಬೋರ್ಡಿನ ಅಡಿಯ ಬೋಲ್ಟು, ಬಾಡಿ, ಎಂಜಿನ್ ಬ್ಲಾಕ್. ಅಂಕಿ ಎಲ್ಲಿ ಇಳಿಯುತ್ತದೆಯೋ ಆ ಜಾಗಕ್ಕೂ ಅದಕ್ಕೆ ಮೊದಲು ಅಳೆದ ಜಾಗಕ್ಕೂ ನಡುವಿನ ಜೋಡಣೆಯೇ ಕೆಟ್ಟಿರುವುದು.

ಇಲ್ಲಿ ಅನೇಕರು ಎಡವುತ್ತಾರೆ, ನಾನೂ ಎಡವಿದ್ದೇನೆ. ಎಲ್ಲವನ್ನೂ ಆಫ್ ಮಾಡಿ ಅರ್ತ್ ತಂತಿಯ ಓಮ್, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆ, ಅಳೆದು, ಸೊನ್ನೆ ತೋರಿಸಿತೆಂದು ಅದನ್ನು ಬಿಟ್ಟುಬಿಡುತ್ತಾರೆ. ಇಪ್ಪತ್ತು ಎಳೆಗಳ ತಂತಿಯಲ್ಲಿ ಹತ್ತೊಂಬತ್ತು ಕಿಲುಬಿಗೆ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಓಮ್ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ, ಏಕೆಂದರೆ ಅದು ಹರಿಸುವ ಕರೆಂಟು ಅತ್ಯಲ್ಪ. ಹೊರೆ ಬಿದ್ದಾಗ ಆ ಒಂದು ಎಳೆ ಸೋಲುತ್ತದೆ. ಲಾರಿಯೊಂದರ ಮೀಟರನ್ನು ಹೀಗೆಯೇ ಓಮ್ ನಂಬಿ ನಾನು ಬದಲಿಸಿ, ಮಾಲೀಕರಿಂದ ಹಣ ಪಡೆದು, ಮೂರನೆಯ ದಿನ ಅದೇ ದೂರಿನೊಂದಿಗೆ ಲಾರಿ ಮರಳಿ ಬಂದಾಗ, ಡ್ಯಾಶ್‌ಬೋರ್ಡಿನ ಅಡಿಯ ಅರ್ತ್ ತಂತಿಯ ಲಗ್ಗು, ಅಂದರೆ ಬೋಲ್ಟಿಗೆ ಸಿಕ್ಕಿಸುವ ಲೋಹದ ತುದಿ, ಕೈಯಲ್ಲಿಯೇ ಕಿತ್ತುಬಂದಿತ್ತು. ಹಣ ಹಿಂದಿರುಗಿಸಿದೆ. ಅಂದಿನಿಂದ ಅರ್ತನ್ನು ಹೊರೆಯಿಲ್ಲದೆ ಅಳೆಯುವುದಿಲ್ಲ.

ಕೆಟ್ಟ ಜೋಡಣೆ ಸಿಕ್ಕಿದ ಮೇಲೆ ಬೋಲ್ಟು ಬಿಚ್ಚಿ, ತಗಡು ಹೊಳೆಯುವವರೆಗೆ ಬಣ್ಣ ಮತ್ತು ತುಕ್ಕನ್ನು ಕೆರೆದು, ಹೊಸ ಲಗ್ಗನ್ನು ಒತ್ತಿ ಕೂರಿಸಿ, ಬಿಗಿದ ನಂತರ ಮೇಲೆ ಗ್ರೀಸ್ ಸವರಿ. ಕಪ್ಲರಿನ ಪಿನ್ನುಗಳಿಗೆ ಮಾತ್ರ ಮರಳುಕಾಗದ ಹಾಕಬೇಡಿ, ಅವುಗಳ ಲೇಪನ ಹೋದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದರೆ ಸಾಕು.

ಅರ್ತಿನಲ್ಲಿ ಏನೂ ಸಿಗದಿದ್ದರೆ ಡೇಟಾ ತಂತಿಯ ಸರದಿ. ಹಿಂದೆ ಪ್ರತಿ ಮುಳ್ಳಿಗೂ ಅದರದೇ ತಂತಿಯಿತ್ತು. ಬಾಷ್ ಕಂಪನಿಯ ಎಂಜಿನಿಯರುಗಳು 1983ರಲ್ಲಿ ಆರಂಭಿಸಿ 1986ರಲ್ಲಿ ಪ್ರಕಟಿಸಿದ ಕ್ಯಾನ್ ಎಂಬ ವ್ಯವಸ್ಥೆ ಬಂದ ಮೇಲೆ, ಒಂದಕ್ಕೊಂದು ಹೊಸೆದ ಎರಡು ತಂತಿಗಳ ಮೇಲೆಯೇ ಎಲ್ಲ ಸುದ್ದಿಗಳೂ ಓಡಾಡುತ್ತವೆ. ಈ ಜೋಡಿಯ ಎರಡೂ ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಕಾದು, ಸ್ಟೇರಿಂಗಿನ ಅಡಿಯಲ್ಲಿರುವ, ದೋಷದ ಕೋಡ್ ಓದುವ ಸ್ಕ್ಯಾನರ್ ಚುಚ್ಚುವ ಓಬಿಡಿ ಕಪ್ಲರಿನ 6 ಮತ್ತು 14ನೆಯ ಪಿನ್ನುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಎಲ್ಲೋ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಾಗಿವೆ. ನಡುವೆ ಗೇಟ್‌ವೇ, ಅಂದರೆ ಸುದ್ದಿಗಳನ್ನು ದಾಟಿಸುವ ಪೆಟ್ಟಿಗೆ, ಇರುವ ಹೊಸ ವಾಹನಗಳಲ್ಲಿ ಈ ಅಂಕಿ ಬೇರೆ ಇರಬಹುದು, ಅದನ್ನು ಆ ವಾಹನದ ನಕ್ಷೆ ನೋಡಿಯೇ ತಿಳಿಯಬೇಕು. ಅಳೆಯುತ್ತಿರುವಾಗಲೇ ಇನ್ನೊಬ್ಬರಿಂದ ತಂತಿಯ ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸಿ. ಘಟ್ಟದ ತಿರುವಿನಲ್ಲಿ ಬಾಡಿ ತಿರುಚಿಕೊಂಡಾಗ ಆಗುವುದೇ ಆಗ ನಿಮ್ಮೆದುರು ಆಗುತ್ತದೆ. ಶಿರಸಿಯ ಕಡೆಯ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಮಗ್ಗುಲಿಗೆ ವಾಹನ ನಿಲ್ಲಿಸುವ ರೂಢಿಯಿದ್ದರೆ ಇಲಿಯ ಹಲ್ಲಿನ ಗುರುತನ್ನೂ ಹುಡುಕಿ.

ಇದಕ್ಕೂ ಮೊದಲು, ಓಬಿಡಿ ಕಪ್ಲರಿಗೆ ಏನಾದರೂ ಚುಚ್ಚಿಟ್ಟಿದ್ದರೆ, ಅದು ಜಿಪಿಎಸ್ ಟ್ರ್ಯಾಕರ್ ಆಗಲಿ, ಮೊಬೈಲಿಗೆ ಅಂಕಿ ಕಳಿಸುವ ಅಗ್ಗದ ಬ್ಲೂಟೂತ್ ಗುಂಡಿಯಾಗಲಿ, ಕಿತ್ತು ಬದಿಗಿಟ್ಟು ಒಂದು ದಿನ ಓಡಿಸಿ ನೋಡಿ. ಅವು ಡೇಟಾ ತಂತಿಯ ಮೇಲೆ ಗದ್ದಲವೆಬ್ಬಿಸುವುದು ಹೊಸದೇನಲ್ಲ. ಸ್ಕ್ಯಾನರ್ ಹಾಕಿದಾಗ ಯು0100, ಅಂದರೆ ಎಂಜಿನ್ನಿನ ಕಂಪ್ಯೂಟರಿನೊಂದಿಗೆ ಸಂಪರ್ಕ ತಪ್ಪಿದೆ, ಅಥವಾ ಯು0155, ಅಂದರೆ ಮೀಟರಿನೊಂದಿಗೆ ಸಂಪರ್ಕ ತಪ್ಪಿದೆ ಎಂಬ ಕೋಡ್ ಬಂದರೆ ಅದನ್ನು ಮೀಟರಿನ ಮರಣಪತ್ರವೆಂದು ತಿಳಿಯಬೇಡಿ. ಸಂಪರ್ಕ ತಪ್ಪಿತೆಂದು ಅದು ಹೇಳುತ್ತದೆ, ಏಕೆ ತಪ್ಪಿತೆಂದು ಹೇಳುವುದಿಲ್ಲ. ವೋಲ್ಟೇಜ್ ಒಂದು ಕ್ಷಣ ಕುಸಿದರೂ ಅದೇ ಕೋಡ್ ಬರುತ್ತದೆ.

ನೀರಿನ ಟ್ಯಾಂಕಿನ ಸೂಚಕ ಬೇರೆಯೇ ಪ್ರಕರಣ, ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಟ್ಯಾಂಕನ್ನು ಪೂರ್ತಿ ತುಂಬಿಸಿ ನೋಡಿ. ಆಗ ಹೆಚ್ಚುಕಡಿಮೆ ಖಾಲಿ ಎಂದು ತೋರಿಸಿದರೆ, ಖಾಲಿಗೆ 240 ಓಮ್ ಮತ್ತು ತುಂಬಿದಾಗ 33 ಓಮ್ ಕೊಡುವ ಅಮೆರಿಕದ ಮಾದರಿಯ ಫ್ಲೋಟಿಗೆ, ಖಾಲಿಗೆ 10 ಮತ್ತು ತುಂಬಿದಾಗ 180 ಓಮ್ ನಿರೀಕ್ಷಿಸುವ ಯುರೋಪಿನ ಮಾದರಿಯ ಸೂಚಕವನ್ನು ಜೋಡಿಸಿದ್ದಾರೆ. ಎರಡರಲ್ಲಿ ಒಂದನ್ನು ಬದಲಿಸಬೇಕು. ತುಂಬಿಸಿದಾಗಲೂ ತುಂಬಿದೆ ಎಂದೇ ತೋರಿಸಿದರೆ, ಮತ್ತು ಒಳಗಿರುವುದು ಫ್ಲೋಟ್ ಅಲ್ಲದೆ ಸ್ಟೀಲಿನ ಮೊಳೆಗಳಾಗಿದ್ದರೆ, ಅವುಗಳ ನಡುವೆ ಪಾಚಿಯ ಪೊರೆ ಕಟ್ಟಿದೆ. ಲಿಂಬೆಹುಳಿ ಬೆರೆಸಿದ ನೀರನ್ನು ಒಂದು ರಾತ್ರಿ ನಿಲ್ಲಿಸಿ ತೊಳೆಯಿರಿ.

ಇದೆಲ್ಲ ಮುಗಿಯುವವರೆಗೆ ಘಟ್ಟ ಹತ್ತಬೇಡಿ ಎಂಬುದು ನನ್ನ ಕೋರಿಕೆ. ಮುಳ್ಳು ಸತ್ತಿರುವಾಗ ಎಂಜಿನ್ ಕಾದರೂ, ಆಯಿಲ್ ಒತ್ತಡ ಇಳಿದರೂ ನಿಮಗೆ ತಿಳಿಯುವುದಿಲ್ಲ, ಮತ್ತು ದೇವಿಮನೆಯ ಏರಿನಲ್ಲಿ ತುಂಬಿದ ಕ್ಯಾರವಾನ್ ಕಾಯದೆ ಇರುವುದಿಲ್ಲ. ಕುಮಟಾದಲ್ಲಿಯೇ ನಿಂತು ಈ ಕೆಲಸ ಮುಗಿಸಿಕೊಳ್ಳಿ.

ವಿದ್ಯುತ್ತು, ಅರ್ತ್, ಡೇಟಾ ಮೂರೂ ಸರಿಯಿದ್ದು, ಆಗಲೂ ಮುಳ್ಳುಗಳು ಬಿದ್ದರೆ ಮಾತ್ರ ಮೀಟರನ್ನು ಬಿಚ್ಚಿಸಿ. ಬದಲಿಸುವುದಕ್ಕಿಂತ ಮೊದಲು ಬೋರ್ಡಿನ ಬೆಸುಗೆಗಳನ್ನು ನೋಡಬಲ್ಲ ಎಲೆಕ್ಟ್ರಾನಿಕ್ಸ್ ರಿಪೇರಿಯವರಿಗೆ ಒಮ್ಮೆ ತೋರಿಸಿ. ಒಣಗಿದ ಬೆಸುಗೆಯನ್ನು ಮತ್ತೆ ಕರಗಿಸಿದರೆ ಸರಿಹೋಗುವ ಬೋರ್ಡುಗಳು ಬಹಳ. ಹೊಸದನ್ನೇ ಹಾಕಿಸಬೇಕಾಗಿ ಬಂದರೆ, ಓಡಿದ ಕಿಲೋಮೀಟರಿನ ಲೆಕ್ಕ ಹಳೆಯ ಮೀಟರಿನಲ್ಲಿಯೇ ಉಳಿದುಬಿಡಬಹುದು, ಹೊಸದನ್ನು ವಾಹನಕ್ಕೆ ಪರಿಚಯಿಸಲು ಕೋಡಿಂಗ್ ಬೇಕಾಗಬಹುದು ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಬದಲಿಸಿದ ದಿನದ ಕಿಲೋಮೀಟರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಹಳೆಯ ಮೀಟರನ್ನು ಅಂಗಡಿಯಲ್ಲಿ ಬಿಡದೆ ಮನೆಗೆ ತನ್ನಿ.