ಬಿಲ್ಲು ಯಾರ ಕೈಯಲ್ಲಿತ್ತು? ಉದ್ಯಮಬಾಗದ ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಿರಲೆಂದು ಈ ಪ್ರಕರಣದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕುಟುಂಬದವರು ಓದಿ ಒಪ್ಪಿದ ಮೇಲೆಯೇ ಇದನ್ನು ಪ್ರಕಟಿಸುತ್ತಿದ್ದೇನೆ. ಸಲಹೆಗೆ ಬಂದವರನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ.

ಸುಮಾ ಅವರಿಗೆ ನಲವತ್ತರ ಹತ್ತಿರದ ವಯಸ್ಸು. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಅವರ ಮಾವನವರು ಕಟ್ಟಿದ, ಈಗ ಪತಿ ನಡೆಸುತ್ತಿರುವ, ಪಂಪಿನ ಬಿಡಿಭಾಗಗಳ ಕಾರ್ಖಾನೆಯಿದೆ. ಬಹುಕಾಲ ಅಲ್ಲಿ ಲೆಕ್ಕ ಬರೆದ ಗುಮಾಸ್ತರು ನಿವೃತ್ತರಾದಾಗ, ಹೊಸಬರನ್ನು ನೇಮಿಸುವ ಬದಲು ಪುಣೆಯ ಲೆಕ್ಕಪತ್ರ ಸಂಸ್ಥೆಯೊಂದಕ್ಕೆ ಕೆಲಸ ವಹಿಸಿಕೊಟ್ಟರು. ಬಿ.ಕಾಂ. ಓದಿದ ಸೊಸೆ ಮನೆಯಲ್ಲೇ ಇದ್ದಾರೆಂಬ ಕಾರಣಕ್ಕೆ, ಎರಡೂ ಕಡೆಯವರ ನಡುವೆ ನಿಂತು ನೋಡಿಕೊಳ್ಳುವ ಹೊಣೆ ಅವರಿಗೆ ಬಂತು. ತಿಂಗಳ 10ನೇ ತಾರೀಖು ದಾಟಿತೆಂದರೆ ನಿದ್ದೆ ಹತ್ತುವುದಿಲ್ಲ, ಫೋನು ಸದ್ದು ಮಾಡಿದರೆ ಎದೆ ಹೊಡೆದುಕೊಳ್ಳುತ್ತದೆ, ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುತ್ತೇನೆ ಎಂಬುದು ಅವರ ದೂರು. ತಪಾಸಣೆಯಲ್ಲಿ ದೇಹದ ದೋಷವೇನೂ ಕಾಣದ್ದರಿಂದ ಕುಟುಂಬದ ವೈದ್ಯರು ನನ್ನಲ್ಲಿಗೆ ಕಳಿಸಿದ್ದರು.

ಇಂಥವರಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸುವುದು ಸುಲಭ. ಆದರೆ ಅವರ ಭಯಕ್ಕೆ ನಿರ್ದಿಷ್ಟ ತಾರೀಖುಗಳಿದ್ದವು. ಹಾಗಾಗಿ ಎರಡನೆಯ ಭೇಟಿಯಲ್ಲಿ ಅವರ ವಾಟ್ಸ್‌ಆಪ್ ಗುಂಪನ್ನೇ ತೋರಿಸಲು ಕೇಳಿದೆ. ಕೊಲ್ಹಾಪುರದ ಫೌಂಡ್ರಿಯೊಂದರಿಂದ ಕೊಂಡ ಕಾಸ್ಟಿಂಗ್‌ಗಳ (ಲೋಹದ ಎರಕದ ಭಾಗಗಳ) ಬಿಲ್ಲಿನ ಫೋಟೊ ಅಲ್ಲಿತ್ತು. ಕಾಗದ ಮಡಚಿದ್ದರಿಂದ ಬಿಲ್ ನಂಬರಿನ ಕೊನೆಯ ಎರಡು ಅಂಕಿಗಳು ಮಡಿಕೆಯೊಳಗೆ ಹೋಗಿದ್ದವು, ಜಿಎಸ್‌ಟಿ ಸಂಖ್ಯೆಯ ಮೇಲೆ ಯಾರದೋ ಹೆಬ್ಬೆರಳಿನ ನೆರಳು ಬಿದ್ದಿತ್ತು. ಸ್ಪಷ್ಟ ಪ್ರತಿ ಬೇಕೆಂದು ಪುಣೆಯವರು 6ನೇ ತಾರೀಖಿಗೇ ಕೇಳಿದ್ದರು. ಸುಮಾ ಆ ಸಂದೇಶವನ್ನು ಪತಿಗೆ ಕಳಿಸಿದರು, ಪತಿ ಯಂತ್ರಗಳ ನಡುವೆ ಮರೆತರು, ಮಾವನವರನ್ನು ಕೇಳಿದರೆ “ಅವತ್ತೇ ಕೊಟ್ಟೀನಲ್ಲವಾ, ಮತ್ತ ಮತ್ತ ಏನ ಕೇಳ್ತಿ?” ಎಂಬ ಉತ್ತರ. ಕೊನೆಗೆ ಮೂಲ ಬಿಲ್ಲು 17ರಂದು ಮಾವನವರ ಅಂಗಿಯ ಜೇಬಿನಲ್ಲಿ ಸಿಕ್ಕಿತು. ಅಷ್ಟರಲ್ಲಿ ಪುಣೆಯಲ್ಲಿ ಒಬ್ಬರು ಅರ್ಧ ನಂಬರಿನಿಂದಲೇ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ನಮೂದಿಸಿದ್ದರು. ಸ್ಪಷ್ಟ ಪ್ರತಿ ಬಂದಾಗ ಇನ್ನೊಬ್ಬರು ಅದನ್ನು ಹೊಸ ಬಿಲ್ಲೆಂದು ಮತ್ತೊಮ್ಮೆ ನಮೂದಿಸಿದರು.

ಹೀಗೆ ಇಮ್ಮಡಿಯಾದ ಬಿಲ್ಲುಗಳು ಬೇರೆಯೂ ಇದ್ದವು, ಅವುಗಳ ತೆರಿಗೆಯ ವಜಾ ಕೂಡ ಎರಡೆರಡು ಸಲ ಲೆಕ್ಕಕ್ಕೆ ಬಂದಿತ್ತು. ತೆರಿಗೆ ಕಟ್ಟುವ ರಿಟರ್ನಾದ ಜಿಎಸ್‌ಟಿಆರ್-3ಬಿಯಲ್ಲಿ ಪಡೆದ ಇನ್‌ಪುಟ್ ಕ್ರೆಡಿಟ್ಟು (ಖರೀದಿಯ ಮೇಲೆ ಕೊಟ್ಟ ತೆರಿಗೆಯ ವಜಾ), ಮಾರಿದವರು ಸಲ್ಲಿಸಿದ ವಿವರಗಳಿಂದ ತಯಾರಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣುವುದಕ್ಕಿಂತ ನಿಗದಿತ ಮಿತಿ ಮೀರಿ ಹೆಚ್ಚಾದರೆ ಜಿಎಸ್‌ಟಿ ಪೋರ್ಟಲ್ ತಾನಾಗಿಯೇ ಡಿಆರ್‌ಸಿ-01ಸಿ ಎಂಬ ಸೂಚನೆ ಕಳಿಸುತ್ತದೆ. ಅದಕ್ಕೆ 7 ದಿನಗಳೊಳಗೆ ಹೆಚ್ಚಿನ ಮೊತ್ತವನ್ನು ಕಟ್ಟಬೇಕು ಅಥವಾ ವಿವರಣೆ ಕೊಡಬೇಕು. ಎರಡೂ ಆಗದಿದ್ದರೆ ಮುಂದಿನ ಜಿಎಸ್‌ಟಿಆರ್-1, ಅಂದರೆ ಮಾರಾಟದ ರಿಟರ್ನ್, ಸಲ್ಲಿಸಲು ಬರುವುದಿಲ್ಲ. ಇವರಿಗೂ ಸೂಚನೆ ಬಂದಿತ್ತು, ಆದರೆ ಅದು ಹೋದದ್ದು ನಿವೃತ್ತ ಗುಮಾಸ್ತರ ಇಮೇಲಿಗೆ. ಪೋರ್ಟಲ್‌ನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆಯನ್ನೂ ಯಾರೂ ಬದಲಿಸಿರಲಿಲ್ಲ. ಮಾರಾಟದ ರಿಟರ್ನ್ ತಡೆಹಿಡಿದಾಗಲೇ ಮನೆಯವರಿಗೆ ವಿಷಯ ತಿಳಿದದ್ದು, ಮತ್ತು ಆ ಸಂಜೆ ಎಲ್ಲರೂ ಸುಮಾ ಅವರನ್ನೇ ಕೇಳಿದರು.

ನನ್ನ ಮಟ್ಟಿಗೆ ಪ್ರಕರಣದ ತಿರುಳು ಇಲ್ಲಿದೆ. ಬಿಲ್ಲು ತಂದುಕೊಡಿರೆಂದು ಮಾವನವರಿಗೆ ಆಜ್ಞಾಪಿಸುವ ಅಧಿಕಾರ ಸೊಸೆಗಿರಲಿಲ್ಲ, ನಮೂದನ್ನು ತಿದ್ದುವ ಅನುಮತಿಯೂ ಇರಲಿಲ್ಲ, ತಪ್ಪಾದರೆ ಉತ್ತರ ಕೊಡುವ ಸರದಿ ಮಾತ್ರ ಅವರದಾಗಿತ್ತು. ಲೆಕ್ಕ ಬರೆಯುವ ಕೆಲಸವನ್ನು ಹೊರಗೆ ಕೊಡಬಹುದು. ತೆರಿಗೆ ಇಲಾಖೆಯ ಮುಂದಿನ ಹೊಣೆ ಮಾತ್ರ ನೋಂದಾಯಿತ ಮಾಲೀಕರ ಬಳಿಯೇ ಉಳಿಯುತ್ತದೆ. ಆ ಹೊಣೆಯನ್ನು ಕುಟುಂಬ ಯಾರಿಗೂ ಹೇಳದೆ ಸೊಸೆಯ ಮಡಿಲಿಗೆ ಜಾರಿಸಿತ್ತು. ಇದನ್ನು ಅವರಿಗೆ ಸ್ಪಷ್ಟವಾಗಿ ಹೇಳಿದೆ. ತಾನು ‘ಕೈಲಾಗದವಳು’ ಎಂಬ ಅವರ ನಂಬಿಕೆ ಸಡಿಲವಾಗಲು ಅಷ್ಟು ಬೇಕಿತ್ತು.

ಮುಂದಿನ ಭೇಟಿಗೆ ಮೂವರನ್ನೂ ಕರೆಸಿದೆ. ಮಾವನವರ ಮಾತು ಕೇಳಿದಾಗ ಅವರ ಹಟಕ್ಕೆ ಅರ್ಥ ಸಿಕ್ಕಿತು: ಗುಮಾಸ್ತರ ಕಾಲದಲ್ಲಿ ಕಾಗದವೆಂದೂ ಕಾರ್ಖಾನೆಯ ಗೇಟು ದಾಟಿರಲಿಲ್ಲ, ಈಗ ತಮ್ಮ ವ್ಯವಹಾರವೆಲ್ಲ ಕಾಣದ ಜನರ ಕೈ ಸೇರಿದೆ ಎಂಬ ಅಳುಕು ಅವರಿಗಿತ್ತು. ಅದು ತಿರಸ್ಕರಿಸುವಂಥ ಅಳುಕಲ್ಲ. ಜಿಎಸ್‌ಟಿ ಕಾನೂನೂ ಲೆಕ್ಕಪತ್ರಗಳನ್ನು ಮುಖ್ಯ ವ್ಯಾಪಾರಸ್ಥಳದಲ್ಲಿ ಇಡಬೇಕೆನ್ನುತ್ತದೆ; ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳವರೆಗೆ ಅವನ್ನು ಕಾಯ್ದಿಡಬೇಕು. ಆದ್ದರಿಂದ ಮೂಲ ಬಿಲ್ಲುಗಳು ಬೆಳಗಾವಿಯಲ್ಲೇ, ಮಾವನವರ ಕಪಾಟಿನಲ್ಲೇ ಇರಲಿ, ಪುಣೆಗೆ ಸ್ಕ್ಯಾನ್ ಪ್ರತಿ ಮಾತ್ರ ಹೋಗಲಿ ಎಂದೆ. ಬಿಲ್ಲು ಬಂದ ದಿನವೇ ಮೇಜಿನ ಟ್ರೇಯಲ್ಲಿ ಇಡುವುದು ಮಾವನವರ ಕೆಲಸ. ಸ್ಕ್ಯಾನ್ ಆದೊಡನೆ ಮೂಲದ ಮೇಲೆ ‘ಕಳಿಸಿದೆ’ ಎಂಬ ಮುದ್ರೆಯೊತ್ತಿ ತಾರೀಖು ಬರೆಯುವುದೂ ಅವರದೇ. ಮುದ್ರೆಯ ಮಾತಿಗೆ ಅವರು ಬೇಗ ಒಪ್ಪಿದರು.

ತೆರಿಗೆಯ ಅಂಶಗಳನ್ನು ಊರಿನ ಲೆಕ್ಕ ಪರಿಶೋಧಕರೊಬ್ಬರ ಜೊತೆ ಕುಳಿತು ಖಚಿತಪಡಿಸಿಕೊಂಡು, ಉಳಿದ ಕ್ರಮವನ್ನು ಒಂದು ಪುಟದಲ್ಲಿ ಬರೆಸಿದೆ. ವಾಟ್ಸ್‌ಆಪಿನಲ್ಲಿ ಇನ್ನು ಬಿಲ್ಲು ಹೋಗಬಾರದು. ತಿಂಗಳಿಗೊಂದು ಹಂಚಿಕೆಯ ಫೋಲ್ಡರು, ಪ್ರತಿ ಕಡತಕ್ಕೂ ತಾರೀಖು, ಮಾರಿದವರ ಹೆಸರು, ಬಿಲ್ ನಂಬರು ಸೇರಿದ ಹೆಸರು; ನಂಬರು ಓದಲು ಬಾರದ ಬಿಲ್ಲನ್ನು ಪುಣೆಯವರು ಊಹೆಯಿಂದ ನಮೂದಿಸದೆ ಹಿಂದಿರುಗಿಸಬೇಕು. ಇವರದು ತಿಂಗಳ ರಿಟರ್ನ್ ಆದ್ದರಿಂದ ಹಿಂದಿನ ತಿಂಗಳ ಕಾಗದವೆಲ್ಲ 5ರೊಳಗೆ ಹೋಗಬೇಕು. 11ಕ್ಕೆ ಜಿಎಸ್‌ಟಿಆರ್-1, 14ಕ್ಕೆ 2ಬಿ ಸಿಗುತ್ತದೆ, 16ರೊಳಗೆ ಅದನ್ನು ಖರೀದಿ ಪುಸ್ತಕದೊಂದಿಗೆ ತಾಳೆ ನೋಡಬೇಕು, 18ರೊಳಗೆ ಪತಿ ಇಮೇಲಿನಲ್ಲಿ ಒಪ್ಪಿಗೆ ಕೊಡಬೇಕು. 3ಬಿ ಸಲ್ಲಿಸುವ ಕೊನೆಯ ದಿನವಾದ 20ನ್ನು ಕೆಲಸದ ದಿನವೆಂದು ಎಣಿಸಲೇಬಾರದು. ಪ್ರಶ್ನೆಗಳೆಲ್ಲ ಒಂದೇ ಹಾಳೆಯಲ್ಲಿ, ಎದುರಿಗೆ ಉತ್ತರಿಸಬೇಕಾದವರ ಹೆಸರಿನೊಂದಿಗೆ ಇರಬೇಕು. ಆ ಅಂಕಣದಲ್ಲಿ ಸುಮಾ ಅವರ ಹೆಸರು ಸುಮ್ಮಸುಮ್ಮನೆ ಬರಬಾರದೆಂದು ನಾನು ಒತ್ತಿ ಹೇಳಬೇಕಾಯಿತು.

ಪೋರ್ಟಲ್‌ನ ಇಮೇಲು, ಮೊಬೈಲು ಪತಿಯದಾಗಬೇಕು. ಒಟಿಪಿಯನ್ನು ಕೇಳಿದವರಿಗೆಲ್ಲ ಹೇಳುವ ರೂಢಿ ನಿಲ್ಲಬೇಕು. ಬ್ಯಾಂಕ್ ಖಾತೆಯಲ್ಲಿ ಪುಣೆಯವರಿಗೆ ನೋಡುವ ಹಕ್ಕು ಮಾತ್ರ. ಡಿಜಿಟಲ್ ಸಹಿಯ ಟೋಕನ್ (ಸಹಿ ಇರುವ ಯುಎಸ್‌ಬಿ ಕಡ್ಡಿ) ಊರು ಬಿಡಬಾರದು. ಟ್ಯಾಲಿಯ ಬ್ಯಾಕಪ್ ಪ್ರತಿ ತಿಂಗಳು ಕಾರ್ಖಾನೆಗೆ ಬರಬೇಕು, ಒಪ್ಪಂದ ಮುಗಿದಾಗ ದತ್ತಾಂಶ ಮರಳಿಸುವ ಷರತ್ತು ಲಿಖಿತವಾಗಿರಬೇಕು.

ಈ ಮಾತುಕತೆಯಲ್ಲೇ ಇನ್ನೊಂದು ಲೋಪ ಹೊರಬಿತ್ತು. ಕಾಸ್ಟಿಂಗ್‌ಗಳು ಮಷಿನಿಂಗ್‌ಗಾಗಿ, ಅಂದರೆ ಯಂತ್ರದಲ್ಲಿ ಕಡೆದು ಅಳತೆಗೆ ತರಲು, ಪಕ್ಕದ ಶೆಡ್ಡುಗಳಿಗೆ ಜಾಬ್ ವರ್ಕಿನ (ಹೊರಗಿನವರಿಂದ ಮಾಡಿಸುವ ಕೆಲಸದ) ಚಲನ್ ಎಂಬ ಸಾಗಣೆ ಚೀಟಿಯ ಮೇಲೆ ಹೋಗುತ್ತಿದ್ದವು, ಆದರೆ ಹಣದ ಮಾತಿಲ್ಲದ ಕಾಗದವೆಂದು ಚಲನ್‌ಗಳನ್ನು ಯಾರೂ ಪುಣೆಗೆ ಕಳಿಸಿರಲಿಲ್ಲ. ಹಾಗೆ ಹೋದ ಸರಕು ಒಂದು ವರ್ಷದೊಳಗೆ ಮರಳದಿದ್ದರೆ ಕಳಿಸಿದ ದಿನವೇ ಮಾರಿದಂತೆ ಎಣಿಕೆಯಾಗುತ್ತದೆ. ಅಂದಿನಿಂದ ಚಲನ್ ಪುಸ್ತಕದ ಸ್ಕ್ಯಾನೂ ಫೋಲ್ಡರಿಗೆ ಸೇರಿತು.

ಸುಮಾ ಅವರಿಗೆ ಪ್ರತ್ಯೇಕವಾಗಿ ಹೇಳಿದ್ದು ಕಡಿಮೆ. ರಾತ್ರಿ 8ರ ನಂತರ ಲೆಕ್ಕದ ಫೋನು ಎತ್ತಬಾರದು. ಅವರು ತವರಿಗೆ ಹೋದಾಗ ಸ್ಕ್ಯಾನಿನ ಕೆಲಸಕ್ಕೆ ಕಾರ್ಖಾನೆಯ ಸ್ಟೋರ್‌ಕೀಪರ್ ತಯಾರಾಗಿರಬೇಕು. ಮಾಡುವ ಕೆಲಸಕ್ಕೆ ತಿಂಗಳ ಸಂಬಳವನ್ನು ಕಾರ್ಖಾನೆಯ ಪುಸ್ತಕದಲ್ಲೇ ಬರೆಯಬೇಕು. ಸಂಬಳದ ಮಾತಿಗೆ ಮೂವರೂ ನಕ್ಕರು, ನಾನು ನಗಲಿಲ್ಲ.

ನಂತರದ ಭೇಟಿಯಲ್ಲಿ ನಿದ್ದೆ ಸುಧಾರಿಸಿದೆಯೆಂದರು. ಮಾವನವರ ಜೇಬಿನಲ್ಲಿ ಈಗಲೂ ಒಮ್ಮೊಮ್ಮೆ ಬಿಲ್ಲು ಉಳಿಯುತ್ತದಂತೆ, ಆದರೆ ಪ್ರಶ್ನೆ ನೇರವಾಗಿ ಅವರ ಹೆಸರಿಗೇ ಹೋಗುತ್ತದೆ. ಪತಿ ಮಾತ್ರ 18ರ ಒಪ್ಪಿಗೆಯನ್ನು ಎರಡು ಸಲ ತಪ್ಪಿಸಿದ್ದರು; ಆದ್ದರಿಂದ ಮುಂದಿನ ಭೇಟಿಗೆ ಅವರೊಬ್ಬರನ್ನೇ ಬರಹೇಳಿದ್ದೇನೆ.